ಮೇಜರ್ ಸಾಹೇಬರ ಕೋರೆಹಲ್ಲು

ನನ್ನ ತೆಲುಗಿನ ಬಗ್ಗೆ ಯಾರಾದರೂ ಒಂದು ಮಾತು ಆಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದು ಕುಷಾಯಿಗೂಡದ ನಮ್ಮ ಕಾಲೊನಿಯಲ್ಲಿ ಎಲ್ಲರಿಗೂ ಗೊತ್ತು, ಗೊತ್ತಿದ್ದೇ ಆಡುತ್ತಾರೆ. ಈಗಲೂ ನಾನು ಹಣ್ಣಿನ ಗಾಡಿಯ ಹತ್ತಿರ ನಿಂತರೆ ಎದುರುಮನೆಯ ವನಜಾ, "ಅಕ್ಕಾರ, ಒಂದಾದ್ರೂ ಉಳಸ್ರಿ" ಎಂದು ಕಿಸಕ್ಕನೆ ನಗುತ್ತಾಳೆ. ನಾನು ಆ ಕಡೆ ತಿರುಗಿಯೂ ನೋಡುವುದಿಲ್ಲ. ಆದರೂ ಆದದ್ದನ್ನು ನಾನೇ ಹೇಳಿಬಿಡುವುದು ಒಳ್ಳೆಯದು. ವನಜಾ ಹೇಳಿದರೆ ಅದರಲ್ಲಿ ನಾಯಿಗಿಂತ ನಾನೇ ಹೆಚ್ಚು ಬೊಗಳುತ್ತೇನೆ.

ನಾವು ಧಾರವಾಡದವರು. ನನ್ನ ಯಜಮಾನರು, ಶಿವಾನಂದ ಅಂತ, ಇಲ್ಲಿಯ ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಯ ಸ್ಟೋರ್ಸಿನಲ್ಲಿದ್ದರು. ಅವರ ಕೆಲಸ ಕಂಡೆಮ್ ಮಾಡುವುದು. ಹಳೇ ಫ್ಯಾನು, ಹಳೇ ಟೇಬಲ್ಲು, ಹಳೇ ಕಂಪ್ಯೂಟರು, ಯಾವುದು ಇನ್ನು ಕೆಲಸಕ್ಕೆ ಬರುವುದಿಲ್ಲವೋ ಅದರ ಮೇಲೆ ಮೂರು ಸಹಿ ಬೀಳಿಸಿ ಗುಜರಿಗೆ ಕಳಿಸುವುದು. ಎರಡು ಸಾವಿರದ ಇಸವಿ ಅದು. ಇವರು ಇಲ್ಲಿ ಬೀರುವಿನಷ್ಟು ದೊಡ್ಡ ಕಂಪ್ಯೂಟರುಗಳನ್ನು ಹೊರಗೆ ಹಾಕುತ್ತಿದ್ದರೆ, ಅತ್ತ ಬೇಗಂಪೇಟೆಯಲ್ಲಿ ಗಾಜಿನ ಕಟ್ಟಡ ಎಬ್ಬಿಸಿ ಹೊಸವನ್ನು ಒಳಗೆ ತುಂಬುತ್ತಿದ್ದರು. ಕಾಲೊನಿಯಲ್ಲಿ ಹತ್ತನೆಯ ಕ್ಲಾಸು ಫೇಲಾದವನೂ ಜಾವಾ, ಜಾವಾ ಎಂದು ಜಪ ಮಾಡುತ್ತಿದ್ದ.

ನಾನು ಮಾತ್ರ ತೆಲುಗು ಕಲಿತೆ. ಹನ್ನೊಂದು ವರ್ಷ, ಒಂದು ದಿನವೂ ಬಿಡದೆ, ತಳ್ಳುಗಾಡಿಯ ಮುಂದೆ ನಿಂತು. ಚೌಕಾಸಿಯಲ್ಲಿ ನನ್ನ ತೆಲುಗಿನ ಮುಂದೆ ಇಲ್ಲಿಯೇ ಹುಟ್ಟಿದವರೂ ಬಾಯಿ ಬಿಡುವುದಿಲ್ಲ. ಕಾಲೊನಿಯಲ್ಲಿ ಕನ್ನಡದವರಿಗೆ ಯಾರಿಗೆ ತೆಲುಗಿನ ಕೆಲಸ ಬಿದ್ದರೂ ನನ್ನನ್ನೇ ಕರೆಯುತ್ತಿದ್ದರು, ನಾನೂ ಸೆರಗು ಸರಿಮಾಡಿಕೊಂಡು ಹೊರಡುತ್ತಿದ್ದೆ. ನಿಜ ಹೇಳಬೇಕೆಂದರೆ, ಗಾಡಿಯ ಮೇಲೆ ಮಾರದ ಸಾಮಾನಿನ ಹೆಸರು ನನಗೆ ಅಷ್ಟಾಗಿ ಬರುತ್ತಿರಲಿಲ್ಲ. ಅದು ನನಗೂ ಆಗ ಗೊತ್ತಿರಲಿಲ್ಲ.

ಇನ್ನೊಂದು ಮಾತು. ನನ್ನ ಎಡಗಡೆಯ ದವಡೆಹಲ್ಲು ಮೂರು ವರ್ಷದಿಂದ ನೋಯುತ್ತಿತ್ತು. ತೆಗೆಸಿಕೊಳ್ಳಲು ಹೆದರಿಕೆ. ಲವಂಗ ಒತ್ತಿಟ್ಟುಕೊಂಡು ಸಂಸಾರ ನಡೆಸುತ್ತಿದ್ದೆ. ನನ್ನ ಸಿಟ್ಟಿಗೆ ಆ ಹಲ್ಲೇ ಕಾರಣ ಎಂದು ನಮ್ಮ ಯಜಮಾನರು ಹೇಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ಹಲ್ಲು ಚೆನ್ನಾಗಿಯೇ ಇತ್ತು, ಆಗಿನದಕ್ಕೆ ಏನು ಕಾರಣ ಎಂದು ನಾನು ಕೇಳಿದರೆ ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದರು.

ನಮ್ಮ ಮನೆಗೆ ಪಾತ್ರೆ ತಿಕ್ಕಲು ಬರುತ್ತಿದ್ದವಳು ಸುಗಲಮ್ಮ. ಮುದಗಲ್ ಕಡೆಯವಳು. ಅವಳ ಗಂಡ ಬೂದೆಪ್ಪ ಬೇಗಂಪೇಟೆಯ ಒಂದು ಸಾಫ್ಟ್‌ವೇರ್ ಕಂಪನಿಯ ಕಟ್ಟಡಕ್ಕೆ ಉಸುಕು ಹೊತ್ತವನು. ಕಟ್ಟಡ ಮುಗಿದ ಮೇಲೆ ಅವನೂ ಊರಿಗೆ ಹೋಗಬೇಕಿತ್ತು, ಆದರೆ ಗೇಟಿಗೆ ಬಂದ ಕಾವಲುನಾಯಿ ಹೋಗಗೊಡಲಿಲ್ಲ. ಆ ನಾಯಿ ಸೆಕ್ಯುರಿಟಿ ಏಜೆನ್ಸಿಯದು. ಏಜೆನ್ಸಿಯ ಮಾಲಕರು ರಿಟೈರಾದ ಕರ್ನಲ್. ತಮ್ಮ ಕೈಕೆಳಗಿನ ನಾಯಿಗಳಿಗೆಲ್ಲ ತಮಗಿಂತ ಒಂದೆರಡು ಮೆಟ್ಟಿಲು ಕಡಿಮೆ ಹುದ್ದೆ ಕೊಟ್ಟಿದ್ದರು. ಇದರ ಹೆಸರು ಮೇಜರ್. ಜರ್ಮನ್ ಶೆಫರ್ಡ್ ಜಾತಿ, ಕೆಟ್ಟ ಸಿಟ್ಟು. ಇಬ್ಬರು ಗಾರ್ಡುಗಳ ತೊಡೆ ಹಿಡಿದಿತ್ತು. ಕಂಪನಿಯ ಇಂಜಿನಿಯರುಗಳು ಅದರ ಕಣ್ಣಿಗೆ ಬೀಳದೆ ಹಿಂದಿನ ಗೇಟಿನಿಂದ ಸುತ್ತಿ ಒಳಗೆ ಹೋಗುತ್ತಿದ್ದರು. ಅಂಥದ್ದು, ಉಸುಕಿನ ಗುಡ್ಡೆಯ ಪಕ್ಕ ಕೂತು ರೊಟ್ಟಿ ತಿನ್ನುತ್ತಿದ್ದ ಬೂದೆಪ್ಪನ ಕೈಯಿಂದ ತುಂಡು ಇಸಿದುಕೊಂಡು ಅವನ ಕಾಲ ಮೇಲೆ ತಲೆ ಇಟ್ಟು ಮಲಗಿಬಿಟ್ಟಿತಂತೆ. ಕರ್ನಲ್ ಸಾಹೇಬರು ಅವತ್ತೇ ಅವನಿಗೆ ಖಾಕಿ ಅಂಗಿ ಹಾಕಿಸಿದರು. ಬೆಳಗಿನ ಪಾಳಿ ಮುಗಿದ ಮೇಲೆ ಗಂಡ, ಹೆಂಡತಿ, ನಾಯಿ ಮೂವರೂ ಕುಷಾಯಿಗೂಡದ ಒಂದೇ ಕೋಣೆಯಲ್ಲಿ.

ಒಂದು ಬೆಳಿಗ್ಗೆ ಸುಗಲಮ್ಮ ಮೂಗು ಮುರಿಯುತ್ತಲೇ ಬಂದಳು.

"ಅಕ್ಕಾರ, ಆ ನಾಯಿ ಬಾಯಿ ಸತ್ತ ಹೆಗ್ಗಣ ನಾರಿದಂಗ ನಾರಾಕತ್ತೈತ್ರಿ. ಕ್ವಾಣ್ಯಾಗ ಕುಂದ್ರಾಕ ಆಗವಲ್ದು. ನಮ್ಮನಿಯವ್ರು ನೋಡ್ರ, ಅದನ್ನ ಬಾಜೂಕ ಹಾಕ್ಕೊಂಡು ಮಲಗ್ತಾರ. ಈಗ ಅವ್ರ ಮೈನೂ ಅದ ವಾಸನಿ."

"ಏನ್ ತಿನ್ನಿಸ್ತಾನ ಅದಕ್ಕ?"

"ತಾ ತಿಂದಿದ್ದೆಲ್ಲಾ ತಿನ್ನಿಸ್ತಾನ್ರಿ. ಬಾಳೇಹಣ್ಣು, ಪೇರಲಹಣ್ಣು, ಮಾವಿನಹಣ್ಣಿನ ವಾಟೆ. ಈಗ ಏನ್ ಕೊಟ್ರೂ ಒಂದು ಬಾಜೂಕ ಅಗದು ಉಗುಳ್ತೈತಿ. ಹತ್ರ ಹ್ವಾದ್ರ ನನಗೂ ಗುರ್ ಅಂತೈತಿ. ದವಾಖಾನಿಗೆ ಕರ್ಕೊಂಡು ಹೋಗ್ರಿ ಅಕ್ಕಾರ, ಆ ಡಾಕ್ಟ್ರು ಬರೇ ತೆಲುಗು ಮಾತಾಡ್ತಾರಂತ."

ತೆಲುಗು ಎಂದ ಮೇಲೆ ನಾನು ಸುಮ್ಮನಿರುತ್ತೇನೆಯೇ? ಗುರುವಾರ ಮಧ್ಯಾಹ್ನ ಬೂದೆಪ್ಪ ನಾಯಿಯ ಬಾಯಿಗೆ ಪಟ್ಟಿ ಬಿಗಿದು, ಅದಕ್ಕೆಂದು ಒಂದು ಚೀಲದಲ್ಲಿ ನಾಲ್ಕು ಬಾಳೆಹಣ್ಣು ಹಿಡಿದು ಬಂದ. ಮೂವರೂ ಡಾಕ್ಟರ್ ರಾಮದಾಸರ ಪ್ರಾಣಿ ಕ್ಲಿನಿಕ್ಕಿಗೆ ಹೋದೆವು. ಡಾಕ್ಟರು ಗುಂಟೂರಿನವರು, ಹೈದರಾಬಾದಿಗೆ ಬಂದು ಎರಡೇ ತಿಂಗಳು. ಅವರ ಹಿಂದಿ ಅಷ್ಟಕ್ಕಷ್ಟೇ. ಒಳಗೆ ಹೋಗುತ್ತಲೇ ಬೂದೆಪ್ಪ, "ಅಕ್ಕಾರ, ನಾ ಉರ್ದುದಾಗ ಮಾತಾಡಿ ನೋಡ್ಲೇನ್ರಿ? ಒಂದೀಟು ತಿಳೀಬಹುದು" ಎಂದ. ಮುದಗಲ್ಲಿನ ಓಣಿಯಲ್ಲಿ ಸಾಬರ ಹುಡುಗರ ಜೊತೆ ಬೆಳೆದವನು, ಉರ್ದು ಅವನಿಗೆ ನೀರು ಕುಡಿದಷ್ಟು ಸಲೀಸು.

"ಸುಮ್ನ ನಿಂದ್ರೊ," ಎಂದೆ. "ಡಾಕ್ಟ್ರ ಮುಂದ ಆ ಓಣಿ ಭಾಷಾ ಬ್ಯಾಡ. ನಾ ಅದೀನಲ್ಲ."

ಅವನು ಒಂದು ಹೆಜ್ಜೆ ಹಿಂದೆ ಸರಿದ. ಈ ಮಾತು ನೆನಪಾದಾಗಲೆಲ್ಲ ನನಗೆ ಈಗಲೂ ಕಸಿವಿಸಿಯಾಗುತ್ತದೆ.

ನಾಯಿ ಏನು ತಿನ್ನುತ್ತದೆ ಎಂದು ಡಾಕ್ಟರು ಕೇಳಿದರು. ಇದು ನನ್ನ ಇಲಾಖೆ. ಅರಟಿಪಂಡು, ಜಾಮಪಂಡು, ಮಾಮಿಡಿಪಂಡು ಎಂದು ಗಾಡಿಯ ಮೇಲಿನದನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಡಾಕ್ಟರು ಪಟ್ಟಿ ಬಿಚ್ಚಿ, ಬೂದೆಪ್ಪನಿಗೆ ತಲೆ ಹಿಡಿಯಲು ಹೇಳಿ, ಬಾಯಿ ಅಗಲಿಸಿದರು. ಶಿವಶಿವಾ, ಆ ನಾತ! ನಾನು ಮೂಗಿಗೆ ಸೆರಗು ಒತ್ತಿಕೊಂಡು ಗೋಡೆಯ ಕ್ಯಾಲೆಂಡರಿನ ಕಡೆಗೆ ತಿರುಗಿದೆ. ಆದ್ದರಿಂದ ಅವರು ಬೆರಳಿನಿಂದ ಏನನ್ನು ಅಲುಗಾಡಿಸಿ ತೋರಿಸುತ್ತಿದ್ದರು ಎಂಬುದನ್ನು ನಾನು ನೋಡಲಿಲ್ಲ, ಕೇಳಿದೆ ಅಷ್ಟೇ.

"ಪಳ್ಳು ಪಾಡೈಪೋಯಾಯಿ ಅಮ್ಮಾ. ಉಂಚಕೂಡದು. ತೀಸೆಯ್ಯಾಲಿ."

ಒಂದಾದರೆ ಪಂಡು, ಹೆಚ್ಚಾದರೆ ಪಳ್ಳು; ಪಳ್ಳು ಅಂದರೆ ಹಣ್ಣು. ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ನಮ್ಮ ಬಾಗಿಲ ಮುಂದೆ "ಪಳ್ಳಮ್ಮಾ ಪಳ್ಳು" ಎಂದು ಕೂಗಿಕೊಂಡು ಗಾಡಿ ಹೋಗುತ್ತದೆ. ಹಣ್ಣಿನಿಂದ ಕೆಟ್ಟಿದೆ, ಹಣ್ಣು ಇಡಬಾರದು, ತೆಗೆದುಬಿಡಬೇಕು. ಇದರಲ್ಲಿ ತಿಳಿಯದೇ ಇರುವುದೇನಿದೆ? ನಾನು ಬೂದೆಪ್ಪನ ಕಡೆ ಕಣ್ಣು ಬಿಟ್ಟೆ. ಮನುಷ್ಯರು ತಿನ್ನುವುದನ್ನು ಯಾರಾದರೂ ನಾಯಿಗೆ ತಿನ್ನಿಸುತ್ತಾರೆಯೇ!

"ನಾಲುಗು ಪರವಾಲೇದು," ಎಂದು ಡಾಕ್ಟರು ಮತ್ತೆ ಹೇಳಿದರು. ನಾಲ್ಕು ಪರವಾಗಿಲ್ಲವಂತೆ. ಚೀಲದಲ್ಲಿ ಇದ್ದದ್ದೂ ನಾಲ್ಕೇ ಬಾಳೆಹಣ್ಣು. ಈ ಡಾಕ್ಟರು ತೀರಾ ಮೆತ್ತಗಿನ ಮನುಷ್ಯ ಎಂದುಕೊಂಡೆ. ಪಥ್ಯ ಎಂದ ಮೇಲೆ ಪಥ್ಯ.

"ವದ್ದು!" ಎಂದೆ. "ಅನ್ನೀ ತೀಸೆಯ್ಯಂಡಿ. ಒಕ್ಕಟಿ ಕೂಡಾ ವದ್ದು!" ಬೇಡ, ಎಲ್ಲಾ ತೆಗೆದುಹಾಕಿ, ಒಂದು ಕೂಡ ಬೇಡ.

ಡಾಕ್ಟರು ನನ್ನನ್ನು ಒಂದು ಸಲ, ನಾಯಿಯನ್ನು ಒಂದು ಸಲ ನೋಡಿದರು. "ಒಕ್ಕಟಿ ಕೂಡಾನಾ?"

"ಒಕ್ಕಟಿ ಕೂಡಾ!"

ಆಮೇಲೆ ಒಂದು ಕಾಗದ ಮುಂದಿಟ್ಟರು. ತೆಲುಗಿನ ಅಕ್ಷರಗಳು ನಮ್ಮವೇ, ತಲೆಕಟ್ಟು ಸ್ವಲ್ಪ ಓರೆ. ಕೂಡಿಸಿ ಕೂಡಿಸಿ ಓದಿದೆ. ಅಲ್ಲಿಯೂ ಪಳ್ಳು ಎಂದೇ ಬರೆದಿತ್ತು. ದೊಡ್ಡದಾಗಿ ಸಹಿ ಹಾಕಿದೆ. ನಾಯಿಯನ್ನು ಇಲ್ಲೇ ಬಿಟ್ಟು ಹೋಗಿ, ಇಂಜೆಕ್ಷನ್ ಕೊಡಬೇಕು, ನಾಳೆ ಸಂಜೆ ಬನ್ನಿ ಎಂದರು. ಬೂದೆಪ್ಪ ಬಾಳೆಹಣ್ಣಿನ ಚೀಲವನ್ನೂ ಅಲ್ಲೇ ಬಿಟ್ಟ. ದಾರಿಯುದ್ದಕ್ಕೂ ಅವನು ಏನೋ ಹೇಳಲು ಬಾಯಿ ತೆರೆದ, ನಾನು ಹಣ್ಣಿನ ವಿಷಯದಲ್ಲಿ ಬೈಯುತ್ತಲೇ ಇದ್ದುದರಿಂದ ಮುಚ್ಚಿಕೊಂಡ.

ಮರುದಿನ ಸಂಜೆ ಹೋದಾಗ ಮೇಜರ್ ಮೂಲೆಯ ಗೋಣಿತಾಟಿನ ಮೇಲೆ ಅಮಲಿನಲ್ಲಿ ಮಲಗಿತ್ತು. ಡಾಕ್ಟರು ನಗುನಗುತ್ತ ಎದ್ದು ಬಂದು, "ಪಳ್ಳು ತೀಸುಕೆಳ್ತಾರಾ?" ಎಂದರು. ಪಳ್ಳು ತೆಗೆದುಕೊಂಡು ಹೋಗುತ್ತೀರಾ? ಎಂಥ ಪ್ರಾಮಾಣಿಕ ಮನುಷ್ಯ, ನಾಲ್ಕು ಬಾಳೆಹಣ್ಣನ್ನೂ ಜೋಪಾನ ಮಾಡಿ ಇಟ್ಟಿದ್ದಾನೆ ಎಂದು ಸಂತೋಷಪಟ್ಟು ಕೈ ಚಾಚಿದೆ. ಅವರು ನನ್ನ ಅಂಗೈಯಲ್ಲಿ ಒಂದು ಪ್ಲಾಸ್ಟಿಕ್ ಕೊಟ್ಟೆ ಇಟ್ಟರು. ಅದು ಗಲಗಲ ಎಂದಿತು.

ಎತ್ತಿ ಬೆಳಕಿಗೆ ಹಿಡಿದೆ. ಹಲ್ಲು. ಹಳದಿ ಪಾಚಿ ಕಟ್ಟಿದ ಹಲ್ಲು, ಕರಿ ಹಲ್ಲು, ಮುರುಕು ಹಲ್ಲು. ಎಲ್ಲಕ್ಕಿಂತ ಮೇಲೆ ಉದ್ದುದ್ದದ ನಾಲ್ಕು ಕೋರೆಹಲ್ಲು.

ತೆಲುಗಿನಲ್ಲಿ ಹಲ್ಲಿಗೂ ಪಳ್ಳು ಎನ್ನುತ್ತಾರೆ. ಇರಲಿ, ಅನ್ನಲಿ. ಆದರೆ ಹಣ್ಣಿಗೂ ಹಲ್ಲಿಗೂ ಒಂದೇ ಹೆಸರಿಟ್ಟ ಮಹಾನುಭಾವ ಯಾರೋ, ಅವನು ನನ್ನ ಕೈಗೆ ಸಿಗಬೇಕು. ಡಾಕ್ಟರು ಪಾಪ, ಕೈಸನ್ನೆ ಸೇರಿಸಿ ಬಿಡಿಸಿ ಹೇಳಿದರು. ನಾಲ್ಕು ಬಿಟ್ಟು ಉಳಿದ ಹಲ್ಲೆಲ್ಲ ಬುಡದಲ್ಲಿ ಕೀವು ತುಂಬಿ ಅಲುಗಾಡುತ್ತಿದ್ದವು, ಅವನ್ನು ತೆಗೆಯಲೇಬೇಕಿತ್ತು. ವಾರಕ್ಕೆರಡು ಸಲ ಬಟ್ಟೆಯಿಂದ ಉಜ್ಜಿದ್ದರೆ ಈ ಗತಿ ಬರುತ್ತಿರಲಿಲ್ಲ. ಕೋರೆಹಲ್ಲು ನಾಲ್ಕೂ ಅರೆಬರೆ ಇದ್ದವು, ಪಾಚಿ ಕೆರೆದು ಉಳಿಸೋಣ ಎಂದುಕೊಂಡಿದ್ದೆ, ಒಂದು ಕೂಡ ಬೇಡ ಎಂದು ನೀವು ಅಷ್ಟು ಗಟ್ಟಿಯಾಗಿ ಹೇಳಿದಿರಲ್ಲಮ್ಮಾ, ಎಂದರು.

ಬೂದೆಪ್ಪ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ, ಅಲ್ಲಿಗೆ ಸರಿಹೋಗುತ್ತಿತ್ತು. ಅವನು ನೆಲದ ಮೇಲೆ ಕೂತು ನಾಯಿಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡ. ಅದರ ಕಿವಿ ಸವರುತ್ತ ಹೇಳಿದ:

"ನಾಳೆ ಶನಿವಾರ ಬಿಟ್ಟು ಮುಂದಿನ ಶನಿವಾರ ಕರ್ನಲ್ ಸಾಬ್ರು ಬರ್ತಾರ್ರಿ ಅಕ್ಕಾರ. ತಿಂಗಳಿಗೊಮ್ಮಿ ಬರ್ತಾರ. ತುಟಿ ಎತ್ತಿ, ಬ್ಯಾಟರಿ ಹಾಕಿ ಹಲ್ಲ ನೋಡ್ತಾರ. ಹಲ್ಲಿಲ್ಲದ ನಾಯಿ ಕಂಡೆಮ್ ಅಂತ ಬರದು ಜೀಡಿಮೆಟ್ಲಾ ಗೋದಾಮಿಗೆ ಕಳಸ್ತಾರ್ರಿ. ಹ್ವಾದ ವರ್ಷ ಕ್ಯಾಪ್ಟನ್ ಅಂತ ಒಂದು ನಾಯಿ ಕಳಿಸಿದ್ರು. ಸರಪಳಿ ಹಾಕಿ ಕಟ್ಟೋದು, ಆ ಕೆಮಿಕಲ್ ವಾಸನ್ಯಾಗ. ಎರಡು ತಿಂಗಳಾಗ ಸತ್ತೋತು."

"ನಿನ್ನ ನೌಕರಿ?"

"ಇದು ಯಾರನ್ನೂ ಹತ್ರ ಬಿಡಂಗಿಲ್ಲ ಅಂತನ ನನ್ನ ಇಟ್ಕೊಂಡಾರ್ರಿ. ಇದಿಲ್ಲಂದ್ರ ನಾ ಎದಕ್ಕ?"

ಹಲ್ಲಿನ ಕೊಟ್ಟೆ ನನ್ನ ಕೈಯಲ್ಲೇ ಇತ್ತು. ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ನಕ್ಕರು. ಕುರ್ಚಿಯಲ್ಲಿ ಕೂತು ನಕ್ಕರು, ಸಾಲದೆಂದು ಚಾಪೆಯ ಮೇಲೆ ಬಿದ್ದು ನಕ್ಕರು. ನಾನು ಅಳಲು ಶುರುಮಾಡಿದ ಮೇಲೆ ಎದ್ದು ಕೂತರು.

"ನೋಡು ಕಮಲಾ, ಕಂಡೆಮ್ ಮಾಡೋದು ಅಷ್ಟು ಹಗುರ ಅಲ್ಲ," ಎಂದು ಆಫೀಸಿನ ಧ್ವನಿ ತೆಗೆದರು. "ಮಶೀನಿಗೆ ಒಂದು ಬೋಲ್ಟ್ ಇಲ್ಲಾ ಅಂತ ಕಂಡೆಮ್ ಮಾಡಾಕ ಬರಂಗಿಲ್ಲ. ಯಾವ ಕೆಲಸಕ್ಕಂತ ತಂದಾರ ಆ ಕೆಲಸ ಆಗಂಗಿಲ್ಲ ಅಂತ ತೋರಿಸ್ಬೇಕು. ಆ ಕರ್ನಲ್ಲಗ ಒಂದ ಮಾತು ಕೇಳು. ನಾಯಿ ಎದಕ್ಕ ತಂದೀರಿ, ಕಡ್ಯಾಕೊ, ಹೆದರ್ಸಾಕೊ?"

ಇಷ್ಟು ವರ್ಷದ ಸರ್ವಿಸಿನಲ್ಲಿ ಈ ಮನುಷ್ಯ ಆಡಿದ ಒಂದು ಉಪಯೋಗದ ಮಾತು ಅದು.

ಆದರೆ ಹೆದರಿಸುವ ಮಾತಿಗೇ ಕುತ್ತು ಬಂತು. ನಾಲ್ಕು ದಿನ ಗಂಜಿ ಕುಡಿದು ಗಾಯ ಮಾಯುತ್ತ ಬಂದ ಹಾಗೆ ಮೇಜರ್ ಬೇರೆಯೇ ನಾಯಿಯಾಯಿತು. ಸುಗಲಮ್ಮನ ಕಾಲು ನೆಕ್ಕಿತು. ಪೋಸ್ಟ್‌ಮನ್ನನ ಮುಂದೆ ಅಂಗಾತ ಬಿದ್ದು ಹೊಟ್ಟೆ ತೋರಿಸಿತು. ಡ್ಯೂಟಿಗೆ ಹೋದರೆ ಗೇಟಿನಲ್ಲಿ ಬಂದ ಬಂದವರಿಗೆಲ್ಲ ಬಾಲ ಆಡಿಸಿತಂತೆ. ಹಿಂದಿನ ಗೇಟಿನಿಂದ ಸುತ್ತಿ ಹೋಗುತ್ತಿದ್ದ ಇಂಜಿನಿಯರುಗಳು ಮುಂದಿನಿಂದಲೇ ಬಂದು ಅದರ ತಲೆ ಸವರಿ ಬಿಸ್ಕೀಟು ಇಡಲು ಶುರುಮಾಡಿದರು. ಇಷ್ಟು ವರ್ಷ ಅದರ ಸಿಟ್ಟೆಲ್ಲ ಬರೀ ಹಲ್ಲುನೋವು! ನಮ್ಮ ಯಜಮಾನರು ಇದನ್ನು ಕೇಳಿ ನನ್ನ ದವಡೆಯ ಕಡೆ ಒಂದು ಸಲ ಅರ್ಥವಾಗುವ ಹಾಗೆ ನೋಡಿದರು. ನಾನು ಲವಂಗದ ಡಬ್ಬಿ ಕುಕ್ಕಿದೆ.

ಹಲ್ಲಿಲ್ಲದ ನಾಯಿಗೆ ಏನು ತಿನ್ನಿಸುತ್ತಾನೆ ನೋಡೋಣವೆಂದು ಒಂದು ಮಧ್ಯಾಹ್ನ ಅವರ ಕೋಣೆಗೆ ಹೋದೆ. ಬೂದೆಪ್ಪ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಒಂದು ಗಂಟೂ ಉಳಿಯದ ಹಾಗೆ ಬೆರಳಿನಿಂದ ಹಿಸುಕಿ, ಸಣ್ಣ ಸಣ್ಣ ತುತ್ತು ಮಾಡಿ ಅದರ ನಾಲಿಗೆಯ ಮೇಲೆ ಇಡುತ್ತಿದ್ದ. ನಾಯಿ ಕಣ್ಣು ಮುಚ್ಚಿ ನುಂಗುತ್ತಿತ್ತು. ಸುಗಲಮ್ಮ ಇಟ್ಟರೆ ಉಗುಳುತ್ತಿತ್ತು.

"ಇದನ್ನ ಎಲ್ಲಿ ಕಲತ್ಯೊ?" ಎಂದೆ.

"ನಮ್ಮವ್ವಗ ಹಲ್ಲಿರಲಿಲ್ರಿ. ಆಕಿ ಇರೂತನಾ ನಾನ ಹಿಂಗ ತಿನ್ನಿಸೀನಿ. ಭಾಳ ಬಿಸಿ ಇರಬಾರದು, ಭಾಳ ನೆನೀಬಾರದು. ಅದಕ್ಕೊಂದು ಅಂದಾಜು ಬೇಕ್ರಿ."

ಈ ಮನುಷ್ಯನ ಬಾಯಿ ಮುಚ್ಚಿಸಿ ನಾನು ಇವನ ಅನ್ನ ಕಳೆಯುತ್ತಿದ್ದೇನೆ. ಶನಿವಾರ ನಾನೂ ಬರುತ್ತೇನೆ, ತಪ್ಪು ನನ್ನದೆಂದು ಕರ್ನಲ್ಲರ ಮುಂದೆ ನಾನೇ ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಎರಡು ದಿನ ಕೂತು ತೆಲುಗಿನಲ್ಲಿ ಒಂದು ಭಾಷಣ ತಯಾರು ಮಾಡಿದೆ. ಈ ಸಲ ಹಲ್ಲಿಗೆ ಪಳ್ಳು ಎನ್ನದೆ ಸನ್ನೆಯಿಂದಲೇ ತೋರಿಸುವುದೆಂದು ನಿಶ್ಚಯ ಮಾಡಿ, ಕನ್ನಡಿಯ ಮುಂದೆ ಅಭ್ಯಾಸವನ್ನೂ ಮಾಡಿದೆ. ಶನಿವಾರ ಬೆಳಿಗ್ಗೆ ಬಸ್ಸು ಹತ್ತಿ ಬೇಗಂಪೇಟೆಗೆ ಹೋದೆ. ಬೂದೆಪ್ಪ ಗೇಟಿನಲ್ಲಿ ಸೆಟೆದು ನಿಂತಿದ್ದ. ಪಕ್ಕದಲ್ಲಿ ಮೇಜರ್ ಬಾಯಿ ಮುಚ್ಚಿಕೊಂಡು ಕೂತಿತ್ತು. ಹತ್ತು ಗಂಟೆಗೆ ಜೀಪು ಬಂತು. ಕರ್ನಲ್ ಸಾಹೇಬರು ಇಳಿದರು. ಬಿಳಿ ಮೀಸೆ, ಕಂಕುಳಲ್ಲಿ ರಿಜಿಸ್ಟರು, ಒಂದು ಕೈಯಲ್ಲಿ ಸಣ್ಣ ಬೆತ್ತ, ಇನ್ನೊಂದರಲ್ಲಿ ಬ್ಯಾಟರಿ. ಕಂಪನಿಯ ಪರವಾಗಿ ತಾರಾ ಎಂಬ ಹುಡುಗಿ, ಅಲ್ಲಿಯ ಆಫೀಸರು, ಕುತ್ತಿಗೆಗೆ ಬಿಲ್ಲೆ ತೂಗಿಸಿಕೊಂಡು ಜೊತೆಗೆ ಬಂದು ನಿಂತಳು.

ಅವರು ಏನಾದರೂ ಹೇಳುವ ಮೊದಲೇ ನಾನು ಮುಂದೆ ನುಗ್ಗಿ ಭಾಷಣ ಶುರುಮಾಡಿದೆ. ನಾಲ್ಕು ವಾಕ್ಯ ಆಗಿರಬೇಕು, ಕರ್ನಲ್ಲರು ಬೆತ್ತ ಎತ್ತಿ ತಡೆದರು.

"ಮಾಫ್ ಕೀಜಿಯೇ ಮೇಡಮ್. ತೆಲುಗು ನಹೀ ಆತೀ."

ಲಕ್ನೋದವರಂತೆ. ತೆಲುಗು ಬರುವುದಿಲ್ಲ. ಹನ್ನೊಂದು ವರ್ಷದ ನನ್ನ ವಿದ್ಯೆ ಅಲ್ಲೇ ರಸ್ತೆಯ ಮೇಲೆ ಸೋರಿಹೋಯಿತು. ನನ್ನ ಹಿಂದಿಯ ಬಗ್ಗೆ ಹೇಳದಿರುವುದೇ ಒಳ್ಳೆಯದು. ನಾನು ಬೂದೆಪ್ಪನ ಕಡೆ ತಿರುಗಿದೆ. "ನೀ ಮಾತಾಡೊ," ಎಂದೆ. "ನಿನ್ನ ಭಾಷಾದಾಗ ಮಾತಾಡು. ನಾ ಬಾಯಿ ಮುಚ್ಕೊಂಡಿರ್ತೀನಿ."

ಅಷ್ಟರಲ್ಲಿ ಕರ್ನಲ್ಲರು ಬಗ್ಗಿ ನಾಯಿಯ ತುಟಿ ಎತ್ತಿ ಬ್ಯಾಟರಿ ಬಿಟ್ಟಿದ್ದರು. ಗುಲಾಬಿ ಒಸಡು, ಉದ್ದ ನಾಲಿಗೆ, ಮತ್ತೇನೂ ಇಲ್ಲ. ಮೇಜರ್ ಅವರ ಕೈ ನೆಕ್ಕಿತು. ಅವರು ಮೆಲ್ಲಗೆ ನೆಟ್ಟಗಾದರು.

"ಯೇ ಕ್ಯಾ ಹೈ?"

ಬೂದೆಪ್ಪ ಸೆಲ್ಯೂಟ್ ಹೊಡೆದ. ಆಮೇಲೆ ಮಾತಾಡಿದ. ಮುದಗಲ್ಲಿನ ಓಣಿಯ ಅದೇ ಉರ್ದು. ಒಂದು ಕಡೆಯೂ ತಡವರಿಸದೆ, ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಿದ. ನನಗೂ ಪೂರ್ತಿ ತಿಳಿಯಿತು. ತಿಳಿದದ್ದೇ ಬಂತು ಕಷ್ಟ.

"ದಾಂತಾಂ ಸಡ್ ಗಯೇ ಥೇ ಸಾಬ್. ಡಾಕ್ಟರ್ ಪೂಛೇ, ಮೈಚ್ ಬೋಲಾ ಸಬ್ ನಿಕಾಲೋ ಬೋಲ್ಕೇ. ಗಲ್ತಿ ಮೇರೀಚ್ ಹೈ."

ತಪ್ಪು ತನ್ನದೇ ಅಂತೆ! ಹಲ್ಲು ಕೊಳೆತಿದ್ದವು, ಎಲ್ಲಾ ತೆಗೀರಿ ಎಂದು ಡಾಕ್ಟರಿಗೆ ತಾನೇ ಹೇಳಿದನಂತೆ! ನನ್ನ ಹೆಸರನ್ನು ಅವನು ತೆಗೆಯಲೇ ಇಲ್ಲ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದ ಮಾತು ಅಲ್ಲಿಗೆ ಮುಗಿಯಿತು.

"ನೈ ಸಾಬ್! ಝೂಟ್! ಯೇ ಝೂಟ್ ಬೋಲ್ತಾ! ಮೈ ಬೋಲಾ! ಪಳ್ಳು ಬೋಲೇ ತೋ ಮೈ ಹಣ್ಣು ಸಮ್ಝಾ!" ಇವನು ಹೇಳುವುದು ಸುಳ್ಳು, ಹೇಳಿದ್ದು ನಾನು, ಪಳ್ಳು ಅಂದರೆ ಹಣ್ಣು ಎಂದುಕೊಂಡೆ, ಎಂದೆ.

"ಹನ್ನೂ ಕ್ಯಾ?" ಎಂದರು ಕರ್ನಲ್ಲರು.

"ಬಾಳೇಹಣ್ಣು, ಸಾಬ್! ಕೇಲಾ! ದಾಂತ್ ನೈ, ಕೇಲಾ ನಿಕಾಲೋ ಬೋಲಾ ಮೈ!"

ತಾರಾ ಕೈಯಲ್ಲಿದ್ದ ಫೈಲಿನಿಂದ ಬಾಯಿ ಮುಚ್ಚಿಕೊಂಡಳು. ಕರ್ನಲ್ಲರು ನನ್ನನ್ನು ಹುಚ್ಚಿ ಎಂದೇ ತೀರ್ಮಾನಿಸಿ, ಬೂದೆಪ್ಪನ ಕಡೆ ತಿರುಗಿದರು. ಮುಖ ಕೆಂಪಾಗಿತ್ತು. ಹಲ್ಲಿಲ್ಲದ ನಾಯಿ ಯಾವ ಕೆಲಸಕ್ಕೆ, ನಿನ್ನಂಥವನು ಯಾವ ಕೆಲಸಕ್ಕೆ ಎಂದು ಗದರುತ್ತ ಬೆತ್ತವನ್ನು ಎತ್ತಿ ಬೂದೆಪ್ಪನ ಎದೆಗೆ ಚುಚ್ಚಿದರು.

ಒಂದೇ ಸಲ ಚುಚ್ಚಿದ್ದು. ಎರಡನೆಯದಕ್ಕೆ ಪುರುಸೊತ್ತು ಸಿಗಲಿಲ್ಲ.

ಪೋಸ್ಟ್‌ಮನ್ನನಿಗೆ ಹೊಟ್ಟೆ ತೋರಿಸಿದ ಆ ನಾಯಿ, ಎಲ್ಲಿತ್ತೋ ಆ ಧ್ವನಿ, ನೆಲ ನಡುಗುವ ಹಾಗೆ ಬೊಗಳಿ ಸರಪಳಿ ಹರಿಯುವಂತೆ ನೆಗೆಯಿತು. ಕರ್ನಲ್ಲರು ಹಿಂದಕ್ಕೆ ಹಾರಿದರು. ಟೊಪ್ಪಿಗೆ ಒಂದು ಕಡೆ, ರಿಜಿಸ್ಟರು ಹೂವಿನ ಕುಂಡದಲ್ಲಿ, ಬೆನ್ನು ಜೀಪಿನ ಬಾಗಿಲಿಗೆ. ಬ್ಯಾಟರಿ ಮಾತ್ರ ಇನ್ನೂ ಕೈಯಲ್ಲಿ ಉರಿಯುತ್ತಿತ್ತು. ಆ ಬಾಯಲ್ಲಿ ಒಂದು ಹಲ್ಲೂ ಇಲ್ಲವೆಂದು ಎರಡು ನಿಮಿಷದ ಹಿಂದೆ ಕಣ್ಣಾರೆ ನೋಡಿದ್ದವರು ಅವರೇ. ಆದರೂ ಹಾರಿದರು.

"ಮೇಜರ್, ಬಸ್," ಎಂದ ಬೂದೆಪ್ಪ ಮೆತ್ತಗೆ. ನಾಯಿ ಅವನ ಕಾಲಿಗೆ ಒರಗಿ ಕೂತಿತು.

ಆಗ ನನಗೆ ನಮ್ಮ ಯಜಮಾನರ ಪ್ರಶ್ನೆ ನೆನಪಾಯಿತು. ನನ್ನ ಹಿಂದಿಯಲ್ಲಿ ಅದು ನಾಲ್ಕೇ ಶಬ್ದಕ್ಕೆ ಇಳಿಯಿತು.

"ಸಾಬ್. ಡರಾ ಕೀ ನೈ?" ಹೆದರಿದಿರೋ ಇಲ್ಲವೋ?

ಫೈಲಿನ ಹಿಂದೆ ತಾರಾ ತಡೆದುಕೊಂಡಿದ್ದ ನಗೆ ಅಷ್ಟೂ ಹೊರಗೆ ಬಂತು. ಕರ್ನಲ್ಲರು ಟೊಪ್ಪಿಗೆ ಎತ್ತಿ ಧೂಳು ಕೊಡವಿ ಹಾಕಿಕೊಂಡರು. ಮೀಸೆ ನೇವರಿಸಿದರು. ಕುಂಡದಿಂದ ರಿಜಿಸ್ಟರು ತೆಗೆದು ಹಾಳೆ ತಿರುವಿ, ಪೆನ್ನು ಹಿಡಿದು ಬಹಳ ಹೊತ್ತು ನಿಂತರು. ಹಲ್ಲು ಎಂಬ ಕಾಲಮ್ಮಿನಲ್ಲಿ ಏನೂ ಬರೆಯಲಿಲ್ಲ. ಕೊನೆಯ ಕಾಲಮ್ಮಿನಲ್ಲಿ 'ಫಿಟ್' ಎಂದು ಬರೆದರು.

ಜೀಪು ಹತ್ತುವಾಗ ತಿರುಗಿ, ಇನ್ನು ಈ ಮುದುಕನಿಗೆ ತಿನ್ನಿಸುವವರು ಯಾರು ಎಂದು ಕೇಳಿದರು.

"ಮೈಚ್, ಸಾಬ್," ಎಂದ ಬೂದೆಪ್ಪ. ನಾನೇ, ಎಂದು ಎದೆಯ ಮೇಲೆ ಕೈಯಿಟ್ಟ. ನಾನಂತೂ ಅಲ್ಲೇ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡೆ. ನೋಡಿದವರು ನೋಡಲಿ.

ಮುಂದಿನ ತಿಂಗಳು ಏಜೆನ್ಸಿಯಿಂದ ಹೊಸ ಹುಕುಂ ಬಂತು. ಎಲ್ಲ ನಾಯಿಗಳ ಹಲ್ಲನ್ನೂ ವಾರಕ್ಕೆರಡು ಸಲ ಉಜ್ಜಬೇಕು, ಅದಕ್ಕೆ ಬೂದೆಪ್ಪ ಇನ್‌ಚಾರ್ಜು. ಬೆರಳಿಗೆ ಬಟ್ಟೆ ಸುತ್ತಿ, ಒಸಡಿಗೆ ನೋವಾಗದ ಹಾಗೆ ಉಜ್ಜುವುದನ್ನು ಅವನು ರಾಮದಾಸ ಡಾಕ್ಟರರ ಹತ್ತಿರ ಕಲಿತು ಬಂದ. ಮನುಷ್ಯರ ಪೇಸ್ಟ್ ಹಾಕಬಾರದು, ನಾಯಿ ಉಗುಳುವುದಿಲ್ಲ, ನುಂಗುತ್ತದೆ ಎಂದು ಎಲ್ಲ ಗಾರ್ಡುಗಳಿಗೂ ಪಾಠ ಹೇಳುತ್ತಾನೆ. ಡಾಕ್ಟರ ಹತ್ತಿರ ಈ ಸಲ ಅವನೊಬ್ಬನೇ ಹೋಗಿದ್ದ. ತನ್ನ ಉರ್ದು, ಅವರ ಅರೆಬರೆ ಹಿಂದಿ, ಎರಡೂ ಸೇರಿ ಕೆಲಸ ಸಲೀಸಾಗಿ ಆಯಿತಂತೆ.

ಅದೇ ವಾರ ನನ್ನ ದವಡೆ ಬಾತು ಲವಂಗಕ್ಕೂ ಬಗ್ಗದೆ ಹೋಯಿತು. ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ ಕೂತಾಗ ನನ್ನ ಪಕ್ಕದಲ್ಲಿ ಯಜಮಾನರು ಇರಲಿಲ್ಲ, ನಾನೇ ಬೇಡವೆಂದಿದ್ದೆ. ಬೂದೆಪ್ಪ ಖಾಕಿ ಅಂಗಿಯಲ್ಲೇ ನಿಂತಿದ್ದ. ಡಾಕ್ಟರು ನನ್ನ ಬಾಯೊಳಗೆ ಇಣುಕಿ, "ಪಳ್ಳು..." ಎಂದು ಶುರುಮಾಡಿದರು. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ.

"ಬೂದೆಪ್ಪಾ, ನೀ ಹೇಳೊ!"

ಅವನು ಒಂದು ಹೆಜ್ಜೆ ಮುಂದೆ ಬಂದು ಡಾಕ್ಟರ ಮೂಗಿನ ನೇರಕ್ಕೆ ತೋರುಬೆರಳು ಎತ್ತಿ ಹಿಡಿದ.

"ಏಕೀಚ್ ಸಾಬ್," ಎಂದ. "ಏಕೀಚ್ ನಿಕಾಲೋ. ಬಾಕಿ ಸಬ್ ಅಕ್ಕಾಕು ಹೋನಾ." ಒಂದೇ ತೆಗೀರಿ, ಉಳಿದದ್ದೆಲ್ಲ ಅಕ್ಕನಿಗೆ ಬೇಕು.